ಅನ್ನಪೂರ್ಣಾಳ ಅರ್ಕಾವತ್ತು

೮ ಜೂನ್ ೧೯೯೮

ಶಾಲೆ ಸುರುವಾಗಿ ಒಂದು ವಾರ. ಹೋದ ವರ್ಷದ ಪಾಠ ಟಿಪ್ಪಣಿಯ ವಹಿಯಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿವೆ. ಸುಮ್ಮನೆ ಹಾಳಾಗುವುದೇಕೆಂದು ಇದರಲ್ಲೇ ಬರೆಯುತ್ತಿದ್ದೇನೆ. ಯಾರಿಗೂ ತೋರಿಸಲಿಕ್ಕಲ್ಲ. ಬಾಯಿಬಿಟ್ಟು ಒಬ್ಬರ ಮುಂದೆ ಹೇಳಿದರೆ ಸಂಜೆಯೊಳಗೆ ಊರ ತುಂಬ ಆಗುತ್ತದೆ, ಅದಕ್ಕೆ.

ಈ ವರ್ಷ ನಾಲ್ಕನೆಯ ತರಗತಿ ನನ್ನ ಪಾಲಿಗೆ ಬಂದಿದೆ. ನನ್ನ ಮಗಳು ಅನ್ನಪೂರ್ಣಾ, ಮನೆಯಲ್ಲಿ ಎಲ್ಲರಿಗೂ 'ಅನ್ನು', ಇರುವುದೂ ಅದೇ ತರಗತಿಯಲ್ಲಿ. ಮೂರು ವರ್ಷ ಬೇರೆ ಮಾಸ್ತರರು ಅಕ್ಕೋರ ಮಗಳೆಂಬ ದಾಕ್ಷಿಣ್ಯಕ್ಕೆ ಕಣ್ಣು ಮುಚ್ಚಿ ಪಾಸು ಮಾಡಿ ನನ್ನ ಕೈಗೆ ದಾಟಿಸಿದ್ದಾರೆ. ಪುಣ್ಯಾತ್ಮರು.

ಇವತ್ತು ಎಲ್ಲರಿಗೂ ತಮ್ಮ ತಮ್ಮ ಹೆಸರು ಬರೆಯಲು ಹೇಳಿದೆ. ಇವಳು ಬರೆದದ್ದು 'ಅನನಪುರಣ'. ಒಂಬತ್ತು ವರ್ಷದ ಹುಡುಗಿ! ಒತ್ತಿಲ್ಲ, ದೀರ್ಘವಿಲ್ಲ, ಅರ್ಕಾವತ್ತಂತೂ ಮೊದಲೇ ಇಲ್ಲ. ಅಕ್ಷರ ಒಂದು ಗೆರೆಯ ಮೇಲೆ, ಒಂದು ಕೆಳಗೆ. ಕೈಹಿಡಿದು ತಿದ್ದಿಸಲು ಹೋದರೆ ಕೇಳುತ್ತಾಳೆ, "ಅವ್ವಾ, 'ರ್' ಮೊದಲ ಅಂತೀವಿ. 'ಣಾ' ಆಮ್ಯಾಲ ಅಂತೀವಿ. ಬರಿಯೂ ಮುಂದ 'ರ್' ಯಾಕ ಹಿಂದ ಹೊಕ್ಕೈತಿ?" ತರಗತಿ ಗೊಳ್ಳೆಂದು ನಕ್ಕಿತು. ಶಾಲೆಯಲ್ಲಿ ಅವ್ವಾ ಅನ್ನಬೇಡ ಎಂದು ಎಷ್ಟು ಸಲ ಹೇಳಬೇಕು? ಅಂಗೈ ಮೇಲೆ ಎರಡು ಕೊಟ್ಟೆ. ಅವಳ ವಹಿಯ ಕೊನೆಗೆ ಕೆಂಪು ಮಸಿಯಿಂದ 'ಲಕ್ಷ್ಯವಿಲ್ಲ' ಎಂದು ಬರೆದೆ. ಹದಿನಾಲ್ಕು ವರ್ಷದಿಂದ ಬರೆಯುತ್ತ ಬಂದ ಮಾತು, ಕೈಗೆ ರೂಢಿಯಾಗಿದೆ.

ತಾಲೂಕಿನಲ್ಲಿ ಯಾರಿಗೆ ಮಾನಪತ್ರ ಬರೆಯಬೇಕಾದರೂ ನನ್ನ ಅಕ್ಷರವೇ ಬೇಕು. ಮುತ್ತು ಪೋಣಿಸಿದ ಹಾಗೆ ಅನ್ನುತ್ತಾರೆ. ನನ್ನ ಹೊಟ್ಟೆಯಲ್ಲಿ ಇಂಥದು ಹುಟ್ಟಿತಲ್ಲ.

ಮನೆಗೆ ಬರುವಾಗ ನೋಡಿದರೆ ಅವಳ ಚಪ್ಪಲಿ ಅದಲುಬದಲು. ಊರ ಅಗಸಿ ಬಾಗಿಲ ಮುಂದೆಯೇ ನಿಲ್ಲಿಸಿ ಸರಿಯಾಗಿ ಹಾಕಿಸಿದೆ. ಬೆನ್ನಿಗೊಂದು ಬಿಟ್ಟೆ ಕೂಡ.

೨೪ ಜೂನ್

ಬೆಳಗಾಗುತ್ತಲೇ ಸುಸ್ತು. ಲಂಗದ ಲಾಡಿ ಅವಳು ಕಟ್ಟಿದರೆ ಒಂದೋ ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಹಲ್ಲಿನಿಂದ ಬಿಡಿಸಬೇಕಾದ ಗಂಟಾಗುತ್ತದೆ. ದಿನಾ ನಾನೇ ಕಟ್ಟಬೇಕು. ಹಾಲಿನ ತಂಬಿಗೆ ತಾ ಎಂದರೆ ಹೊಸ್ತಿಲೆಡವಿ ಅರ್ಧ ಚೆಲ್ಲಿ ತಂದಳು. ಉಪ್ಪು, ಬುಟ್ಟಿ, ಕಸಬರಿಗೆ ಮೂರೂ ತಾ ಎಂದು ಒಳಗೆ ಕಳಿಸಿದೆ. ಬರಿಗೈಯಲ್ಲಿ ಬಂದು ನಿಂತು "ಏನ ತಾ ಅಂದಿ?" ಎಂದಳು.

ಮೂರರ ಮಗ್ಗಿ ತಿಂಗಳಿಂದ ನಡೆದಿದೆ. ನಿನ್ನೆ ಬಂದದ್ದು ಇವತ್ತಿಲ್ಲ. "ಮೂರಾರ್ಲೆ?" ಎಂದರೆ ಕಿಟಕಿಯ ಕಡೆ ನೋಡುತ್ತಾಳೆ, ಅಲ್ಲಿ ಯಾರೋ ಬರೆದಿಟ್ಟ ಹಾಗೆ. ಕುಂಡೆ ಊರಿ ಒಂದು ನಿಮಿಷ ಕೂಡುವುದಿಲ್ಲ. ಐವತ್ತೆರಡು ಮಕ್ಕಳಿಗೆ ಕಲಿಸುತ್ತೇನೆ, ಒಂದು ಕೂಸಿಗೆ ಕಲಿಸಲು ಆಗುತ್ತಿಲ್ಲ. ಸಿಟ್ಟು ಬರುತ್ತದೆ, ಬಡಿಯುತ್ತೇನೆ, ಆಮೇಲೆ ನನಗೇ ಅಳು ಬರುತ್ತದೆ.

೧೪ ಜುಲೈ

ಹೊಸ ನಾಟಕ. ಶಾಲೆಯ ಹೊತ್ತಾದರೆ ಹೊಟ್ಟೆನೋವು. ರವಿವಾರ ಮಾತ್ರ ಇರುವುದಿಲ್ಲ. ಇದಕ್ಕೆ ಯಾವ ಔಷಧ ಕೊಡಬೇಕು ಎಂಬುದು ನನಗೆ ಗೊತ್ತಿಲ್ಲವೇ?

ಇವತ್ತು ಹತ್ತು ನಿಮಿಷದ ಸಣ್ಣ ಸೂಟಿ ಮುಗಿದ ಮೇಲೆ ತರಗತಿಗೆ ಬರಲೇ ಇಲ್ಲ. ಹುಡುಕಿದರೆ ಪಕ್ಕದ ಅಂಗನವಾಡಿಯಲ್ಲಿ ಕುಳಿತಿದ್ದಾಳೆ, ಆಯಾ ಶೆಟ್ಟೆವ್ವನ ಜೊತೆ ಗೋಧಿಯಲ್ಲಿನ ಹಳ್ಳು ಆರಿಸುತ್ತ. ಶೆಟ್ಟೆವ್ವ ನನ್ನ ಹಳೆಯ ವಿದ್ಯಾರ್ಥಿನಿ. ನಾಲ್ಕನೆಯದರಲ್ಲಿ ಎರಡು ಸಲ ನಾನೇ ನಪಾಸು ಮಾಡಿದ್ದೆ. ಮೂರನೆಯ ವರ್ಷ ಅವರಪ್ಪ ಬಿಡಿಸಿ ಹೊಲಕ್ಕೆ ಹಚ್ಚಿದ. ಇವತ್ತು ನಾನು ಮಗಳ ಮೇಲೆ ಕೈ ಎತ್ತಿದಾಗ ನಡುವೆ ಬಂದಳು.

"ಬಡೀಬ್ಯಾಡ್ರಿ ಅಕ್ಕೋರ. ಖರೇನ ನೋಸತೈತಿ ಆಕಿಗೆ."

"ನಿನಗೇನ ಗೊತ್ತ?"

"ನನಗೂ ನೋಸತಿತ್ತರಿ."

ಸಂಬಳದ ಪತ್ರಿಕೆಗೆ ಹೆಬ್ಬೆಟ್ಟು ಒತ್ತುವವಳು ನನಗೆ ಬುದ್ಧಿ ಹೇಳಲು ಬಂದಳು! ಕೈಹಿಡಿದು ಎಳೆದುಕೊಂಡು ಬಂದೆ.

೯ ಆಗಸ್ಟ್, ರವಿವಾರ

ಅತ್ತೆ ಕೆಂಚವ್ವ ಬೆಳಿಗ್ಗೆ ಬಜೆ ತೇಯ್ದು ಅನ್ನುವಿನ ನಾಲಿಗೆಗೆ ಹಚ್ಚಿದರು. ಮಾತು ತಡವಾಗಿ ಬಂದಾಗ ಹಚ್ಚಿದ್ದರು, ಈಗ ಅಕ್ಷರಕ್ಕೂ ಅದೇ ಮದ್ದು. ಹುಡುಗಿ ವಾಂತಿ ಮಾಡಿಕೊಂಡಳು. ಅತ್ತೆಗೆ ಸಿಟ್ಟು ಬಂತು.

"ಹೆಣ್ಣ ಕೂಸ ಐತಿ. ಈ ಸಲ ನಪಾಸ ಆದರ ಸಾಲಿ ಬಿಡಸ್ರಿ. ರೊಟ್ಟಿ ಬಡಿಯೂದರ ಕಲೀಲಿ."

ಯಜಮಾನರು ಬಸವಲಿಂಗಪ್ಪನವರು ಟ್ರ್ಯಾಕ್ಟರಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದರು. ಅಲ್ಲಿಂದಲೇ "ಅವ್ವ ಹೇಳೂದರಾಗ ತಪ್ಪೇನೈತಿ? ದಿನಾ ಬಡಸಿಕೊಳ್ಳೂದಕಿಂತ ಮನ್ಯಾಗ ಇದ್ದರ ಆರಾಮ ಇರತೈತಿ ಕೂಸು" ಎಂದರು. ನಪಾಸು ಮಾಡುವವಳೂ ನಾನೇ, ನಪಾಸಾದರೆ ಹುಡುಗಿ ಒಲೆಯ ಮುಂದೆ ಕೂಡುವುದನ್ನು ನೋಡುವವಳೂ ನಾನೇ.

ಆ ಮಾತು ಬಿಟ್ಟು ಬೇರೆ ಜಗಳ ತೆಗೆದೆ. ಎಂ.ಕೆ. ಹುಬ್ಬಳ್ಳಿ ಕಾರ್ಖಾನೆಗೆ ಕಬ್ಬು ಒಯ್ಯಲು ಹೊಸ ಟ್ರೇಲರ್ ತಂದಿದ್ದಾರೆ. ಹಿಂದಿನ ಹಲಗೆಗೆ ಬೈಲಹೊಂಗಲದ ಪೇಂಟರನ ಕೈಯಲ್ಲಿ ಮಗಳ ಹೆಸರು ಬರೆಸಿದ್ದಾರೆ. ಅವನೋ, ದೊಡ್ಡದಾಗಿ 'ಅನ್ನಪೂರ‍್ಣಾ' ಎಂದು 'ರ' ಬರೆದು ಅದರ ಬುಡಕ್ಕೆ ಣ-ಒತ್ತು ತೂಗುಹಾಕಿದ್ದಾನೆ! ಅರ್ಕಾವತ್ತು ಎಲ್ಲಿ ಹೋಯಿತು? ಅಕ್ಕೋರ ಮನೆಯ ಟ್ರೇಲರ್ ಮೇಲೆ ತಪ್ಪಕ್ಷರ ಹೊತ್ತುಕೊಂಡು ತಿರುಗಬೇಕೇ, ಅಳಿಸಿ ಬರೆಸಿರಿ ಎಂದೆ. "ಕಬ್ಬು ಓದಂಗಿಲ್ಲ ಬಿಡ" ಎಂದು ಮತ್ತೆ ಕೆಳಗೆ ಸರಿದರು.

೩ ಸೆಪ್ಟೆಂಬರ್

ಮೊದಲ ಪರೀಕ್ಷೆ. ನೂರಕ್ಕೆ ಕನ್ನಡ ಒಂಬತ್ತು, ಲೆಕ್ಕ ಆರು. ಷರಾದಲ್ಲಿ ಲಕ್ಷ್ಯವಿಲ್ಲ ಎಂದು ಬರೆದೆ. ಬೇರೇನು ಬರೆಯಬೇಕೋ ತಿಳಿಯಲಿಲ್ಲ.

೪ ಸೆಪ್ಟೆಂಬರ್

ಹೆಡ್ ಮಾಸ್ತರ ಶಂಕರೆಪ್ಪನವರು ಅವಳ ಪೇಪರ್ ತಿರುಗಿಸಿ ಮುರುಗಿಸಿ ನೋಡಿ, "ಅಕ್ಕೋರ, ಸೂಟಿಯೊಳಗ ಧಾರವಾಡಕ್ಕ ಕರಕೊಂಡ ಹೋಗಿ ಒಮ್ಮೆ ತೋರಸ್ರಿ" ಎಂದರು. ಧಾರವಾಡವೆಂದರೆ ನಮ್ಮ ಕಡೆ ಹುಚ್ಚರ ಆಸ್ಪತ್ರೆ ಎಂದೇ ಅರ್ಥ. ನನ್ನ ಮಗಳು ಹುಚ್ಚಿಯೇ ಎಂದು ಕೇಳಬೇಕೆಂದಿದ್ದೆ. ಯಾಕೋ ಜಗಳಕ್ಕೂ ತ್ರಾಣವಿಲ್ಲ.

೧೨ ಅಕ್ಟೋಬರ್

ಧಾರವಾಡದಿಂದ ಈಗ ಬಂದೆವು. ಬಸ್ಸಿನಲ್ಲಿ ಹೋಗುವಾಗ ಬರುವಾಗ ಎರಡೂ ಸಲ ನಿಂತೇ. ಕಾಲು ಬಿದ್ದುಹೋಗಿವೆ.

ಡಾಕ್ಟರು ಹೆಣ್ಣುಮಗಳು, ನನಗಿಂತ ಚಿಕ್ಕವರು. ಅನ್ನುವಿನ ಕೈಯಲ್ಲಿ ಓದಿಸಿದರು, ಬರೆಸಿದರು, ಒಂಟಿಗಾಲಲ್ಲಿ ನಿಲ್ಲಿಸಿದರು, ಚೆಂಡು ಹಿಡಿಸಿದರು. ಒಂದೂ ಹಿಡಿಯಲಿಲ್ಲ. ಆಮೇಲೆ ಒಂದು ನರಿಯ ಕಥೆ ಹೇಳಿ ತಿರುಗಿ ಹೇಳು ಎಂದರು. ಹುಡುಗಿ ಒಂದಕ್ಷರ ಬಿಡದೆ ಹೇಳಿದಳು. ನರಿ ಅಂಥ ಹೊತ್ತಿನಲ್ಲಿ ಏನು ಯೋಚಿಸಿರಬೇಕು ಎಂಬುದನ್ನೂ ಸೇರಿಸಿದಳು. ನಾನು ಅವಳಿಗೆ ಯಾವತ್ತೂ ಕಥೆ ಹೇಳು ಎಂದಿರಲಿಲ್ಲ.

"ದಡ್ಡಿ ಅಲ್ಲರಿ ನಿಮ್ಮ ಮಗಳು," ಎಂದರು ಡಾಕ್ಟರು. "ಅಕ್ಷರ ಹಿಡಿಯೂ ತ್ರಾಸ ಐತಿ. ಇದು ಒಂದ ಬರೂದ ಕಡಿಮಿ, ಭಾಳ ಮಕ್ಕಳೊಳಗ ತನ್ನ ಬಳಗಾ ಕಟಗೊಂಡ ಬರತೈತಿ. ಒಬ್ಬರಿಗೆ ಅಂಕಿ ತೊಡಕಾಗತಾವ, ಒಬ್ಬರಿಗೆ ಕೈಕಾಲು ಹೇಳಿದಂಗ ಕೇಳಂಗಿಲ್ಲ, ಒಬ್ಬರಿಗೆ ಚಿತ್ತ ಒಂದ ಕಡೆ ನಿಲ್ಲಂಗಿಲ್ಲ. ನಿಮ್ಮ ಮನಿಗೆ ಎಲ್ಲಾರೂ ಕೂಡೇ ಬಂದಾರ."

"ಹೊಟ್ಟಿ ನೋವ್ರಿ? ಅದೂ ಬಳಗದಾಗಿಂದ ಏನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ಅಂಜಿಕಿ ನೋವ್ರಿ. ಸುಳ್ಳಲ್ಲ, ಖರೇನ ನೋಸತೈತಿ. ಆದ್ರ ಅದನ್ನ ಆಕಿ ಹುಟ್ಟತ ತಂದಿಲ್ಲ."

ಯಾರು ತಂದರು ಎಂದು ಕೇಳುವ ಬದಲು ಇವಕ್ಕೆಲ್ಲ ಹೆಸರೇನು ಎಂದು ಕೇಳಿದೆ.

ಒಂದೊಂದಕ್ಕೂ ಒಂದೊಂದು ಇಂಗ್ಲಿಷ್ ಹೆಸರು ಹೇಳಿದರು. ಬಸ್ ಟಿಕೇಟಿನ ಹಿಂದೆ ಬರೆದುಕೊಂಡೆ. ಅಕ್ಷರದ ತೊಡಕಿನ ಡಿಸ್ಲೆಕ್ಸಿಯಾ ಬರೆಯಲು ಬಂತು. ಕೈಬರಹದ ಡಿಸ್‌ಗ್ರಾಫಿಯಾ ಬಂತು. ಕೈಕಾಲಿನ ಡಿಸ್‌ಪ್ರ್ಯಾಕ್ಸಿಯಾಕ್ಕೆ ಒತ್ತು ಎಲ್ಲಿ ಹಾಕಬೇಕೆಂದು ತಿಳಿಯದೆ ಮೂರು ಸಲ ಹೊಡೆದುಹಾಕಿದೆ. ಅನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ತನ್ನ ಹೆಸರು ಬರೆಯಲು ಬಾರದ ಕೂಸಿಗೆ ಇನ್ನೂ ನಾಲ್ಕೈದು ಹೆಸರು ಕೊಟ್ಟು ಕಳಿಸಿದರು. ಔಷಧವಿಲ್ಲವಂತೆ. ನಿಧಾನವಾಗಿ, ಬೇರೆ ರೀತಿಯಲ್ಲಿ ಕಲಿಸಬೇಕಂತೆ. ಬರೆಯುವುದಾಗದಿದ್ದರೆ ಬಾಯಿಂದ ಉತ್ತರ ಕೇಳಬೇಕಂತೆ. ನಾನು ನಿಧಾನ ಎಲ್ಲಿಂದ ತರಲಿ?

೩೦ ನವೆಂಬರ್

ಕಬ್ಬಿನ ಸುಗ್ಗಿ. ಯಜಮಾನರು ಮನೆಗೆ ಬಂದರೆ ಬಂದರು, ಇಲ್ಲದಿದ್ದರೆ ಕಾರ್ಖಾನೆಯ ಮುಂದೆ ಸಾಲಿನಲ್ಲಿ.

ಡಾಕ್ಟರು ಹೇಳಿದ ಹಾಗೆ ಪರಾತದಲ್ಲಿ ರವೆ ಹರವಿ ಬೆರಳಿಂದ ಬರೆಸುತ್ತಿದ್ದೇನೆ. ದಿನಕ್ಕೊಂದೇ ಅಕ್ಷರ. ಹದಿನೈದು ದಿನ ತಾಳಿಕೊಂಡೆ. ಇವತ್ತು 'ಮ' ಬರೆ ಎಂದರೆ 'ವ' ಬರೆದಳು, ಐದು ಸಲ. ಪರಾತವನ್ನು ಕಾಲಿಂದ ಒದ್ದೆ. ಮನೆಯೆಲ್ಲ ರವೆ. ಅತ್ತೆ ಒಳಗಿನಿಂದ "ಅನ್ನದ ಮ್ಯಾಲ ಕಾಲ ಇಡತೀ ಏನ" ಎಂದು ಕೂಗಿದರು. ಅನ್ನು ಅಳಲಿಲ್ಲ. ಕುಳಿತು ಬಳಿಯತೊಡಗಿದಳು, ಅರ್ಧ ಬಳಿದು ಅರ್ಧ ಚೆಲ್ಲುತ್ತ. ನಾನೂ ಕುಳಿತು ಬಳಿದೆ.

ಏನೂ ಬರೆಯಲು ಮನಸ್ಸಿಲ್ಲ.

೧೦ ಡಿಸೆಂಬರ್

ಉಕ್ತಲೇಖನದ ಹಾಳೆಯ ಮೇಲೆ ಎಲ್ಲರೂ ಹೆಸರು ಬರೆದುಕೊಟ್ಟರು. ಅನ್ನುವಿನದು ನೋಡಿ ಕೆಂಪು ಪೆನ್ನು ನಿಂತಿತು. 'ಅನ್ನಪೂರ‍್ಣಾ'. ಟ್ರೇಲರಿನ ಮೇಲಿನ ಪೇಂಟರನ ತಪ್ಪು ಹಾಗೆಯೇ ಇಳಿದಿದೆ. 'ರ', ಅದರ ಬುಡದಲ್ಲಿ ಣ-ಒತ್ತು. ಅಡ್ಡಾದಿಡ್ಡಿ, ಆದರೆ ಎಲ್ಲವೂ ಇದೆ. ನ-ಒತ್ತು ಇದೆ, ದೀರ್ಘವೂ ಇದೆ.

"ಟ್ರೇಲರ್ ನೋಡಿ ಕಲತೇನಿ," ಎಂದಳು. "ಮನಿಗೆ ಬಂದಾಗೆಲ್ಲಾ ಧೂಳದಾಗ ಅದರ ಮ್ಯಾಲ ಬೆರಳ ಆಡಸತೇನಿ. ಇದರಾಗ ಬಾಯಿ ಅಂದಂಗ ಐತಿ ಅವ್ವಾ. ರ್ ಮೊದಲ, ಣಾ ಆಮ್ಯಾಲ."

ತಪ್ಪು ತಪ್ಪೇ. ಹೊಡೆದುಹಾಕಿದೆ. ಆದರೂ ಕಸಿವಿಸಿಯಾಗಿ ಹೆಡ್ ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನಕ್ಕರು.

"ಇದ ಯಾರ ತಪ್ಪಂದ್ರ ನಿಮಗ? ಅರ್ಕಾವತ್ತ ಹಾಕಿದರೂ ಸೈ, ಹಿಂಗ ಒತ್ತ ಕೊಟ್ಟರೂ ಸೈ. ಎಷ್ಟೋ ಮಂದಿ ಹಿಂಗ ಬರೀತಾರ."

ಹದಿನಾಲ್ಕು ವರ್ಷ ಎಷ್ಟು ಮಕ್ಕಳ ಎಷ್ಟು 'ರ'ಗಳನ್ನು ಹೊಡೆದುಹಾಕಿದ್ದೇನೋ. ತಿರುಗಿ ಬಂದು ಹಾಳೆಯ ಮೇಲೆ ಸರಿ ಗುರುತು ಹಾಕಿದೆ. ಹೊಡೆದದ್ದರ ಮೇಲೆಯೇ ಹಾಕಿದ್ದರಿಂದ ನೋಡಲು ಗಲೀಜಾಯಿತು.

೨೬ ಜನವರಿ ೧೯೯೯

ಧ್ವಜ ಹಾರಿಸಿ, ಮಕ್ಕಳಿಗೆ ಚಾಕಲೇಟು ಹಂಚಿ ಮುಗಿಸುವಷ್ಟರಲ್ಲಿ ನಡು ಹಿಡಿದುಕೊಂಡಿತ್ತು. ಅನ್ನುವಿನ ಎರಡೂ ಜಡೆಯ ರಿಬ್ಬನ್ ಹೂವಿನ ಹಾಗೆ ಕಟ್ಟಿತ್ತು. ಬೆಳಿಗ್ಗೆ ನಾನು ಗಡಿಬಿಡಿಯಲ್ಲಿ ಬರೀ ಗಂಟು ಹಾಕಿ ಕಳಿಸಿದ್ದೆ. ಯಾರು ಕಟ್ಟಿದರು ಎಂದೆ. "ನಾನ," ಎಂದಳು. ನಂಬದೆ ಬಿಚ್ಚಿಸಿದೆ. ನಾಲಿಗೆ ಹೊರಗೆ ಹಾಕಿ, ಎಷ್ಟೋ ಹೊತ್ತು ಹಿಡಿದು, ಕಟ್ಟಿಯೇ ಬಿಟ್ಟಳು.

ಕಲಿಸಿದವಳು ಶೆಟ್ಟೆವ್ವ. ಹೇಗೆ ಕಲಿಸಿದಿ ಎಂದು ಹೋಗಿ ಕೇಳಿದೆ. ಒಲೆಯ ಮೇಲಿನ ಉಪ್ಪಿಟ್ಟು ತಿರುವುತ್ತ ಹೇಳಿದಳು, "ಎದರಿಗೆ ಕುಂತ ತೋರಿಸಿದರ ಎಲ್ಲಾ ಉಲ್ಟಾ ಕಾಣತೈತಿರಿ ಅಕ್ಕೋರ. ಎಡ ಬಲ ಆಗತೈತಿ. ಹಿಂದ ನಿಂತ, ಕೈಮ್ಯಾಲ ಕೈ ಇಟ್ಟ ತೋರಿಸಬೇಕರಿ. ನನಗ ನಮ್ಮಾಯಿ ಹಂಗ ಕಲಿಸಿದ್ಲು."

ಇಷ್ಟು ವರ್ಷ ನಾನು ಮಕ್ಕಳ ಎದುರಿಗೇ ನಿಂತೆ.

ಡಾಕ್ಟರು ಹೇಳಿದ್ದನ್ನು ಅವಳಿಗೂ ಹೇಳಿ, ಅವಳು ಕೊಟ್ಟ ಉಪ್ಪಿಟ್ಟು ತಿಂದು ಬಂದೆ. ಉಪ್ಪು ಹೆಚ್ಚಾಗಿತ್ತು.

೨ ಮಾರ್ಚ್

ಹೆಡ್ ಮಾಸ್ತರರ ಜೊತೆ ಮಾತಾಯಿತು. ಬರೆಯಲಾಗದವರಿಗೆ ಬಾಯಿಂದ ಪರೀಕ್ಷೆ ತಗೊಳ್ಳೋಣ ಎಂದೆ. ಅವರ ಮುಖ ಗಂಟಾಯಿತು.

"ಅಕ್ಕೋರ, ನಿಮ್ಮ ಮಗಳ ಸಲುವಾಗಿ ಹೊಸಾ ಕಾಯ್ದೆ ಮಾಡಾಕ ಬರಂಗಿಲ್ಲ. ಊರ ಮಂದಿ ಏನಂದಾರು?"

"ಆಕಿ ಒಬ್ಬಾಕಿಗೆ ಅಲ್ಲರಿ. ಹಿಂದಿನ ಸಾಲಿನ್ಯಾಗ ಇನ್ನೂ ಮೂರು ಮಂದಿ ಅದಾರ. ನಾಲ್ಕೂ ಮಂದಿಗೆ ನೀವ ಕೇಳ್ರಿ, ನೀವ ಮಾರ್ಕ್ಸ್ ಹಾಕ್ರಿ. ನಾ ಹೊರಗ ನಿಂದರತೇನಿ."

ಆ ಮೂವರಿಗೂ ಮೊದಲಿನಿಂದ ಲಕ್ಷ್ಯವಿಲ್ಲ ಎಂದು ಬರೆದವಳು ನಾನೇ. ಅದನ್ನು ಅವರಿಗೆ ಹೇಳಲಿಲ್ಲ. ವಿಚಾರ ಮಾಡುತ್ತೇನೆ ಎಂದರು.

೨೪ ಮಾರ್ಚ್

ಒಪ್ಪಿದರು. ನಾಲ್ವರೂ ಒಬ್ಬೊಬ್ಬರಾಗಿ ಆಫೀಸಿಗೆ ಹೋದರು. ನಾನು ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತೆ. ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅದಕ್ಕಿರಬೇಕು.

ಅನ್ನುವಿನ ಧ್ವನಿ ಕಿಟಕಿಯಿಂದ ಕೇಳುತ್ತಿತ್ತು. ಕಬ್ಬು ಕಾರ್ಖಾನೆಗೆ ಹೋಗಿ ಸಕ್ಕರೆಯಾಗುವುದನ್ನು ಹೇಳುತ್ತಿದ್ದಳು. ಗಾಲಿಗೆ ಎಷ್ಟು ಗಾಳಿ ಹಾಕಿಸಬೇಕು ಎಂಬಲ್ಲಿಂದ ಸುರುಮಾಡಿದ್ದಳು. ಹೆಡ್ ಮಾಸ್ತರರು "ಸಾಕವಾ, ಸಾಕ" ಎನ್ನುತ್ತಿದ್ದರು. ಲೆಕ್ಕಕ್ಕೆ ಬಂದಾಗ ಧ್ವನಿ ಕೇಳಲಿಲ್ಲ.

೧೦ ಏಪ್ರಿಲ್ ೧೯೯೯

ರಿಸಲ್ಟು. ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಆಗುವುದಿಲ್ಲ.

ಅನ್ನುವಿಗೆ ಕನ್ನಡ ನಲವತ್ತೊಂದು, ಪರಿಸರ ಎಪ್ಪತ್ತು, ಲೆಕ್ಕ ಮೂವತ್ತೊಂದು. ನಾಲ್ಕು ಕಡಿಮೆ. ನಾನು ಈ ಕೆಲಸಕ್ಕೆ ಬಂದಾಗಿನಿಂದ ಯಾವ ಮಗುವಿಗೂ ಕೃಪಾಂಕ ಕೇಳಿದವಳಲ್ಲ. ಇವತ್ತೂ ಬಾಯಿ ಬರಲಿಲ್ಲ. ಹೆಡ್ ಮಾಸ್ತರರೇ ನಾಲ್ಕು ಕೂಡಿಸಿ "ಬರೀರಿ, ಪಾಸ, ಐದನೇತ್ತಾ" ಎಂದರು. ಉಳಿದ ಮೂವರಲ್ಲಿ ಇಬ್ಬರು ದಾಟಿದರು. ಒಬ್ಬ ಉಳಿದ. ಅವನಿಗೆ ಇನ್ನೊಮ್ಮೆ ಕೇಳಿರಿ ಎಂದು ನಾನು, ಆಗುವುದಿಲ್ಲ ಎಂದು ಅವರು, ಅರ್ಧ ತಾಸು ಜಗಳಾಡಿದೆವು. ಜೂನಿನಲ್ಲಿ ಮತ್ತೊಮ್ಮೆ ಕೇಳಲು ಒಪ್ಪಿದರು.

ಪಟ್ಟಿಯಲ್ಲಿ ಅವಳ ಹೆಸರನ್ನು ಅವಳು ಬರೆಯುವ ಹಾಗೆಯೇ ಬರೆದೆ. ರ, ಬುಡಕ್ಕೆ ಣ-ಒತ್ತು.

ಅಷ್ಟರಲ್ಲಿ ಶೆಟ್ಟೆವ್ವ ಬಂದಳು. ಅವಳ ನೌಕರಿಗೆ ಜನ್ಮತಾರೀಖಿನ ದಾಖಲೆ ಬೇಕಾಗಿದೆಯಂತೆ. ಹೆಡ್ ಮಾಸ್ತರರು ಕಪಾಟಿನಿಂದ ಹಳೆಯ ರಿಜಿಸ್ಟರುಗಳನ್ನು ತೆಗೆದು, ತಾರೀಖು ಬರೆದುಕೊಂಡು, ೧೯೮೮ರ ರಿಸಲ್ಟಿನ ಹಾಳೆಯನ್ನು ಮೇಜಿನ ಮೇಲೆ ತೆರೆದೇ ಬಿಟ್ಟರು. ಶೆಟ್ಟೆವ್ವ ಬಾಗಿ ನೋಡಿದಳು. ಓದಲು ಬಾರದಿದ್ದರೂ ನನ್ನ ಅಕ್ಷರ ಅವಳಿಗೆ ಗುರುತು ಸಿಕ್ಕಿತು.

"ಇದ ನಂದ ಹೆಸರ ಏನ್ರಿ ಅಕ್ಕೋರ? ಮುಂದ ಕೆಂಪ ಮಸೀಲೆ ಏನ ಬರದೀರಿ? ಓದ್ರಿ, ಕೇಳೂನು."

ಏನಾದರೂ ಸುಳ್ಳು ಹೇಳೋಣ ಎಂದುಕೊಂಡೆ. ಮನೆಗೆ ಹೋಗಲು ಕಾಯುತ್ತ ನಿಂತಿದ್ದ ಅನ್ನು ನನ್ನ ಕೈಕೆಳಗಿನಿಂದ ನುಸುಳಿ ಬಂದು, ಮಸಿಬಾಟಲಿ ಕೆಡವಿ, ಹಾಳೆಯ ಮೇಲೆ ಬೆರಳಿಟ್ಟಳು. ಮ-ವ ತಿಳಿಯದ ಹುಡುಗಿ, ಎಲ್ಲೂ ತಡೆಯದೆ ಓದಿದಳು.

"ಲಕ್ಷ್ಯವಿಲ್ಲ."

ಕ-ಕ್ಕೆ ಷ-ಒತ್ತು, ಅದಕ್ಕೆ ಯ-ಒತ್ತು. ಐದನೆಯವರೂ ತಡವರಿಸುವ ಅಕ್ಷರ. ಹೆಡ್ ಮಾಸ್ತರರು "ಭೇಷ್!" ಎಂದುಬಿಟ್ಟರು.

"ಇದೊಂದು ಪಕ್ಕಾ ಬರತೈತ್ರಿ," ಎಂದಳು ಅನ್ನು. "ನನ್ನ ಎಲ್ಲಾ ವಹಿಯಾಗೂ ಐತಿ."

ಶೆಟ್ಟೆವ್ವ ನಕ್ಕಳು. ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಲೇ ಇದ್ದಳು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. "ಹಂಗಾರ ನನಗೂ ಈಕಿಗೆ ಇದ್ದದ್ದ ಇತ್ತ ಏನ್ರಿ ಅಕ್ಕೋರ? ನಾ ದಡ್ಡಿ ಇದ್ದಿಲ್ಲಾ?"

"ಇದ್ದಿಲ್ಲವಾ," ಎಂದೆ. "ನನಗ ತಿಳೀಲಿಲ್ಲ. ತಪ್ಪಾತು."

"ಹನ್ನೊಂದ ವರ್ಷ ಆತರಿ," ಎಂದಳು. ಬೈದು ಹೇಳಲಿಲ್ಲ, ಸುಮ್ಮನೆ ಹೇಳಿದಳು. ಕಾಗದ ತೆಗೆದುಕೊಂಡು, ಅಂಗನವಾಡಿಯ ಮಕ್ಕಳು ಕಾಯುತ್ತವೆ ಎಂದು ಹೋದಳು.

ನಾನು ಕೆಂಪು ಪೆನ್ನು ತೆಗೆದು ರಿಜಿಸ್ಟರಿನ ಆ ಮಾತಿನ ಮೇಲೆ ಗೆರೆ ಎಳೆದೆ.

"ಅಕ್ಕೋರ! ಸರಕಾರಿ ದಾಖಲಿ ಅದು, ತಿದ್ದಾಕ ಬರಂಗಿಲ್ಲ!"

"ತಿದ್ದಿಲ್ಲರಿ. ತಪ್ಪಕ್ಷರಕ್ಕ ಗೆರಿ ಎಳದೇನಿ."

ಅವರು ಚೆಲ್ಲಿದ ಮಸಿಯನ್ನು ಸುಣ್ಣದ ಕಡ್ಡಿಯಿಂದ ಹೀರಿಸತೊಡಗಿದರು.

ನಾನೂ ಅನ್ನುವೂ ಮಾತಾಡುತ್ತ ಬಂದೆವು. ಅಂದರೆ ಅವಳೇ ಮಾತಾಡಿದಳು. ನರಿಯ ಕಥೆಯನ್ನು ಮತ್ತೊಮ್ಮೆ ಹೇಳಿದಳು. ಈ ಸಲ ನರಿ ಕಾರ್ಖಾನೆಯ ಕಬ್ಬು ಕದಿಯುತ್ತದೆ. ಮನೆಯ ಕಟ್ಟೆ ಹತ್ತಿ ಚಪ್ಪಲಿ ಬಿಡುವಾಗಲೇ ನಾನು ನೋಡಿದ್ದು, ಅದಲುಬದಲು ಹಾಕಿಕೊಂಡು ಅಷ್ಟು ದೂರ ನಡೆದಿದ್ದಾಳೆ.